ನಾಲ್ಕು ತಂತಿಯ ಪುಟ್ಟ ವಾದ್ಯ

1879ನೆಯ ಇಸವಿ ಆಗಸ್ಟ್ 23ರಂದು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಸೇರಿದ ಹೊನೊಲುಲು ಬಂದರಿನಲ್ಲಿ 'ರೇವನ್ಸ್‌ಕ್ರ್ಯಾಗ್' ಎಂಬ ಹಡಗು ಲಂಗರು ಹಾಕಿತು. ಪೋರ್ಚುಗಲ್ ದೇಶದ ಮದೀರ ದ್ವೀಪದಿಂದ ನಾನೂರಕ್ಕೂ ಹೆಚ್ಚು ಜನ ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಅದರಲ್ಲಿ ಬಂದಿದ್ದರು. ಅವರು ತಮ್ಮೊಡನೆ ತಂದ ವಸ್ತುಗಳಲ್ಲಿ 'ಮಷೇಟ್' ಎಂಬ ನಾಲ್ಕು ತಂತಿಯ ಚಿಕ್ಕ ವಾದ್ಯವೂ ಒಂದು. ಮರಗೆಲಸ ಬಲ್ಲ ಮ್ಯಾನುಯೆಲ್ ನ್ಯೂನೆಸ್ ಮೊದಲಾದ ಮೂವರು ಮುಂದೆ ಹೊನೊಲುಲುವಿನಲ್ಲಿಯೇ ನೆಲೆಸಿ, ಅಲ್ಲಿನ 'ಕೋವಾ' ಮರದಿಂದ ಅಂಥದೇ ವಾದ್ಯವನ್ನು ತಯಾರಿಸತೊಡಗಿದರು. ಅದೇ ಉಕುಲೇಲೆ. ಹವಾಯಿ ಭಾಷೆಯಲ್ಲಿ 'ಉಕು' ಎಂದರೆ ಚಿಗಟ, 'ಲೇಲೆ' ಎಂದರೆ ಜಿಗಿಯುವುದು. ತಂತಿಗಳ ಮೇಲೆ ಬೆರಳುಗಳು ಜಿಗಿದಾಡುವುದನ್ನು ಕಂಡು ಜನ ಈ ಹೆಸರಿಟ್ಟರೆಂದು ಹೇಳುವುದುಂಟು.

ಆಗ ಹವಾಯಿಯನ್ನು ಆಳುತ್ತಿದ್ದ ದೊರೆ ಕಲಾಕೌವ ಸಂಗೀತಪ್ರಿಯನು. ಪರದೇಶದ ಪಾದ್ರಿಗಳು ತುಚ್ಛವೆಂದು ಕಂಡಿದ್ದ 'ಹೂಲಾ' ನೃತ್ಯವನ್ನು ಅವನು 1883ರ ತನ್ನ ಪಟ್ಟಾಭಿಷೇಕೋತ್ಸವದಲ್ಲಿ ಬಹಿರಂಗವಾಗಿ ಆಡಿಸಿದನು. ಕೂಲಿಕಾರರೊಡನೆ ಬಂದ ವಾದ್ಯವನ್ನು ಅರಮನೆಗೆ ಬರಮಾಡಿಕೊಂಡನು. ಆದರೆ 1893ರಲ್ಲಿ ಆ ರಾಜ್ಯ ಅಳಿಯಿತು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಬೋಧನಾಭಾಷೆ ಎಂಬ ಕಾನೂನು ಬಂದಿತು. ಶಾಲೆಯಿಂದ ಹೊರಬಿದ್ದ ನಾಡನುಡಿಗೆ ಹಾಡುಗಳು ಆಸರೆಯಾದವು. ಆ ಹಾಡುಗಳಿಗೆ ಉಕುಲೇಲೆ ಜೊತೆಯಾಯಿತು.

ಈ ವಾದ್ಯ ಸಾಮಾನ್ಯರ ಕೈಗೆ ಒಗ್ಗಿದುದಕ್ಕೆ ಅದರ ರಚನೆಯೇ ಕಾರಣ. ವೀಣೆಯಲ್ಲಿರುವಂತೆ ಇದರಲ್ಲಿಯೂ ಮೆಟ್ಟಿಲುಗಳಿವೆ. ನೆಲದ ಕಡೆಗಿರುವುದು ಮೊದಲನೆಯ ತಂತಿ. ನುಡಿಸುವವರ ಮುಖದ ಕಡೆಗಿರುವುದು ನಾಲ್ಕನೆಯದು. ಮೂರನೆಯ ತಂತಿಯನ್ನು ಷಡ್ಜವೆಂದು ಭಾವಿಸಿದರೆ, ನಾಲ್ಕನೆಯದರಿಂದ ಮೊದಲನೆಯದರವರೆಗೆ ತಂತಿಗಳು ಪ, ಸ, ಗ, ದ ಎಂದು ನುಡಿಯುತ್ತವೆ. ಹೊಂದುವ ಮೂರು ಅಥವಾ ಹೆಚ್ಚು ಸ್ವರಗಳನ್ನು ಒಮ್ಮೆಲೇ ನುಡಿಸುವುದನ್ನು ಪಾಶ್ಚಾತ್ಯ ಸಂಗೀತದಲ್ಲಿ 'ಕಾರ್ಡ್' ಎನ್ನುತ್ತಾರೆ. ಇದನ್ನು ಸ್ವರಗುಚ್ಛವೆಂದು ಕರೆಯಬಹುದು.

ಉಂಗುರ ಬೆರಳಿನಿಂದ ಮೊದಲನೆಯ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿದರೆ 'ದ' ಹೋಗಿ ಮೇಲಿನ 'ಸ' ಬರುತ್ತದೆ. ಆಗ ನಾಲ್ಕು ತಂತಿಗಳನ್ನೂ ಮೀಟಿದರೆ ಕೇಳುವುದು ಪ-ಸ-ಗ-ಸ. ಇದು 'ಸಿ' ಎಂಬ ಗುಚ್ಛ. ನಡುಬೆರಳನ್ನು ನಾಲ್ಕನೆಯ ತಂತಿಯ ಎರಡನೆಯ ಮೆಟ್ಟಿಲಿನಲ್ಲಿಯೂ ತೋರುಬೆರಳನ್ನು ಎರಡನೆಯ ತಂತಿಯ ಮೊದಲನೆಯ ಮೆಟ್ಟಿಲಿನಲ್ಲಿಯೂ ಇಟ್ಟರೆ 'ಎಫ್' ಗುಚ್ಛ: ದ-ಸ-ಮ-ದ. ಮೂರನೆಯ ಮತ್ತು ಮೊದಲನೆಯ ತಂತಿಗಳನ್ನು ಎರಡನೆಯ ಮೆಟ್ಟಿಲಿನಲ್ಲಿ, ಎರಡನೆಯ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿದರೆ 'ಜಿ' ಗುಚ್ಛ: ಪ-ರಿ-ಪ-ನಿ. ಈ ಮೂರು ಗುಚ್ಛಗಳಲ್ಲಿ ಸಪ್ತಸ್ವರಗಳೂ ಅಡಗಿವೆ! ಆದುದರಿಂದಲೇ ಎಷ್ಟೋ ಸರಳ ಗೀತೆಗಳಿಗೆ ಇವು ಮೂರೇ ಸಾಕಾಗುತ್ತವೆ.

ಬೆರಳಿಡುವುದನ್ನು ಕಲಿಯಲು ಹೆಚ್ಚು ಹೊತ್ತು ಬೇಡ. ಕಷ್ಟವಿರುವುದು ಒಂದು ಗುಚ್ಛದಿಂದ ಇನ್ನೊಂದಕ್ಕೆ ಸಾಗುವುದರಲ್ಲಿ. ಹೊಸಬರು ಬೆರಳು ಹುಡುಕುತ್ತ ಮೀಟುವುದನ್ನೇ ನಿಲ್ಲಿಸುತ್ತಾರೆ. ತಾಳ ತಪ್ಪುತ್ತದೆ, ಹಾಡು ಮುರಿಯುತ್ತದೆ. ಇದಕ್ಕೆ ಉಪಾಯ ಒಂದೇ. ನಾಲ್ಕು ಎಣಿಕೆಗಳವರೆಗೆ ಒಂದು ಗುಚ್ಛ, ಮತ್ತೆ ನಾಲ್ಕಕ್ಕೆ ಇನ್ನೊಂದು, ಹೀಗೆ ಅತಿ ನಿಧಾನವಾಗಿ ಸಾಧನೆ ಮಾಡಬೇಕು. ಬೆರಳನ್ನು ಮೆಟ್ಟಿಲಿನ ಪಕ್ಕಕ್ಕೇ ಒತ್ತಬೇಕು. ದೂರ ಸರಿದರೆ ನಾದ ಮಂಕಾಗುತ್ತದೆ. ಎಡಗೈ ತಡವರಿಸಿದರೂ ಬಲಗೈ ನಿಲ್ಲಬಾರದು. ದಿನವೂ ಸ್ವಲ್ಪ ಹೊತ್ತು ಹೀಗೆ ದುಡಿದರೆ ಬೆರಳುಗಳು ತಾವಾಗಿಯೇ ತಮ್ಮ ಸ್ಥಾನ ಸೇರುತ್ತವೆ.

1978ರಲ್ಲಿ ಹವಾಯಿ ಭಾಷೆಗೆ ಆ ನಾಡಿನಲ್ಲಿ ಅಧಿಕೃತ ಸ್ಥಾನ ಮರಳಿ ದೊರೆಯಿತು. ಅಷ್ಟು ಕಾಲ ಆ ಜನ ಹಾಡುವುದನ್ನು ಬಿಟ್ಟಿರಲಿಲ್ಲ. ಅವರೊಡನೆ ಹಾಡಿದ್ದು ಮಕ್ಕಳೂ ಎತ್ತಿಕೊಳ್ಳಬಲ್ಲ ಒಂದು ಪುಟ್ಟ ವಾದ್ಯ.

ಅಭ್ಯಾಸ
1. ಉಕುಲೇಲೆ ಹವಾಯಿಗೆ ಬಂದ ಬಗೆಯನ್ನು ವಿವರಿಸಿ.
2. 'ಮೂರು ಗುಚ್ಛಗಳಲ್ಲಿ ಸಪ್ತಸ್ವರಗಳೂ ಅಡಗಿವೆ' – ಹೇಗೆ?
3. 'ಎಡಗೈ ತಡವರಿಸಿದರೂ ಬಲಗೈ ನಿಲ್ಲಬಾರದು' ಎಂಬ ಮಾತನ್ನು ಹವಾಯಿ ಜನರ ಬಾಳಿಗೆ ಹೋಲಿಸಿ ಬರೆಯಿರಿ.