ಲೇಹ್‌ಗೆ ಹೊರಟ ಮೇಘನಾಳಿಗೆ

ಪ್ರೀತಿಯ ಮೇಘನಾ,

ನೀವು ನಾಲ್ವರು ಸ್ನೇಹಿತರು ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ತುಳಿಯುವ ಸುದ್ದಿ ನಿನ್ನ ಅಮ್ಮ ಹೇಳಿದಳು. ದನಿಯಲ್ಲಿ ಹೆಮ್ಮೆ ಇತ್ತು, ಜೊತೆಗೆ "ನೀನಾದರೂ ಬುದ್ಧಿ ಹೇಳಣ್ಣ" ಅನ್ನುವ ಗೋಗರೆತವೂ ಇತ್ತು. ಹೋಗಬೇಡ ಅನ್ನುವ ಬುದ್ಧಿ ನನ್ನ ಬಳಿ ಇಲ್ಲ. ಸೇನೆಯಲ್ಲಿದ್ದಾಗ ಆ ದಾರಿಯಲ್ಲಿ ಟ್ರಕ್ಕಿನಲ್ಲಿ ಕೂತು ಹೋಗುತ್ತಿದ್ದವನು ನಾನು. ಸೈಕಲ್‌ನವರನ್ನು ಕಂಡು ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ವಾರವಾರ ನಂದಿಬೆಟ್ಟ ಹತ್ತುತ್ತೀರಂತೆ. ಒಳ್ಳೆಯದೇ, ಕಾಲು ಗಟ್ಟಿಯಾಗುತ್ತದೆ. ಆದರೆ ಲೇಹ್ ದಾರಿಯಲ್ಲಿ ಕೈಕೊಡುವುದು ಕಾಲಲ್ಲ, ಗಾಳಿ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರಿನ ಆಸುಪಾಸು. ನೀವು ಮೊದಲ ಪೆಡಲ್ ಒತ್ತುವ ಮನಾಲಿಯೇ ಅದಕ್ಕಿಂತ ಎತ್ತರದಲ್ಲಿದೆ! ಕೊನೆಯ ಕಣಿವೆದಾರಿ ತಂಗ್‌ಲಂಗ್ ಲಾ 5,300 ಮೀಟರ್ ದಾಟುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಅರ್ಧದಷ್ಟು. ಮ್ಯಾರಥಾನ್ ಓಡುವವನು ಅಂತ ಆ ಎತ್ತರ ರಿಯಾಯಿತಿ ಕೊಡುವುದಿಲ್ಲ.

ಸರ್ಚು ಅನ್ನುವ ಜಾಗದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಜಿಸ್ಪಾದಲ್ಲಿ 3,200 ಮೀಟರಿನಲ್ಲಿ ಮಲಗಿದವರು ಹುಮ್ಮಸ್ಸಿನಲ್ಲಿ ಬಾರಾಲಾಚಾ ಕಣಿವೆದಾರಿ ದಾಟಿ ಸರ್ಚುವಿನ ಗುಡಾರದಲ್ಲಿ ಮಲಗುತ್ತಾರೆ. ಒಂದೇ ಏಟಿಗೆ ಸಾವಿರ ಮೀಟರಿಗೂ ಮೇಲೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ ಐನೂರು ಮೀಟರಿಗಿಂತ ಏರಬಾರದು ಅನ್ನುವುದು ವೈದ್ಯರ ಮಾತು. ಸಾಲದ್ದಕ್ಕೆ ಸರ್ಚುವಿನಲ್ಲಿ ಕಾಯಿಲೆ ಬಿದ್ದರೆ ನೇರ ಕೆಳಗಿಳಿಯಲು ದಾರಿಯೇ ಇಲ್ಲ. ಹಿಂದಕ್ಕೆ ಹೋದರೆ ಬಾರಾಲಾಚಾ ಹತ್ತಬೇಕು, ಮುಂದಕ್ಕೆ ಹೋದರೆ ಲಾಚುಲುಂಗ್ ಲಾ. ಜಿಸ್ಪಾದಲ್ಲಿ ಒಂದು ದಿನ ಸುಮ್ಮನೆ ಬಿದ್ದುಕೊಳ್ಳಿ, ಆಮೇಲೆ ಪತ್ಸಿಯೋ, ಜಿಂಗ್‌ಜಿಂಗ್‌ಬಾರ್ ಅಂತ ತಂಗುತ್ತ ಏರಿ. ರಜೆ ಸಾಲದು ಅನ್ನಬೇಡ. ರಜೆ ಸಾಲದಿದ್ದರೆ ಬೇರೆ ಬೆಟ್ಟಕ್ಕೆ ಹೋಗಿ.

ನಿಮ್ಮಲ್ಲಿ ಒಬ್ಬರಿಗಾದರೂ ತಲೆನೋವು ಬಂದೇ ಬರುತ್ತದೆ. ಆದರೆ ಬಾಯಿಬಿಡುವುದಿಲ್ಲ, ಸ್ನೇಹಿತರೆದುರು ಸಣ್ಣವರಾಗಲು ಯಾರಿಗೆ ಇಷ್ಟ? ಅದಕ್ಕೇ ಇಲ್ಲಿಂದ ಹೊರಡುವ ಮೊದಲೇ ಮಾತಾಡಿಕೊಳ್ಳಿ: ರಾತ್ರಿ ಊಟಕ್ಕೆ ಮುಂಚೆ ತಲೆ, ಹೊಟ್ಟೆ, ನಿದ್ದೆ ಹೇಗಿದೆ ಅಂತ ಎಲ್ಲರೂ ಹೇಳಬೇಕು, ಸರಿಯಿಲ್ಲ ಅಂದವರ ಮಾತೇ ಕೊನೆ. ಯಾರಾದರೂ ತೂರಾಡುತ್ತ ನಡೆದರೆ, ಸುಮ್ಮನೆ ಕೂತಾಗಲೂ ಏದುಸಿರು ಬಿಟ್ಟರೆ, ಬೆಳಗಾಗಲಿ ನೋಡೋಣ ಅನ್ನಬೇಡಿ. ಸಿಕ್ಕ ಗಾಡಿ ಹತ್ತಿಸಿ ಆ ಕ್ಷಣವೇ ಇಳಿಸಿ. ಫೋನನ್ನು ನೆಚ್ಚಿಕೊಂಡು ಕೂರಬೇಡಿ.

ದಾರಿಯಲ್ಲಿ ಸಿಗುವ ಗಾಟಾ ಲೂಪ್ಸ್ ಏರಿನಲ್ಲಿ 21 ತಿರುವು, ನಮ್ಮ ಆಗುಂಬೆಯ 14ಕ್ಕಿಂತ ಏಳು ಹೆಚ್ಚು. ತಿರುವೊಂದರಲ್ಲಿ ಪುಟ್ಟ ಗುಡಿ, ಸುತ್ತ ಗುಡ್ಡೆಬಿದ್ದ ನೀರಿನ ಬಾಟಲಿಗಳು. ಹಿಮದಲ್ಲಿ ಸಿಕ್ಕಿಬಿದ್ದ ಲಾರಿಯಲ್ಲಿ ಒಬ್ಬಂಟಿಯಾಗಿ ಸತ್ತ ಕ್ಲೀನರ್ ಹುಡುಗನ ದೆವ್ವ ನೀರು ಕೇಳುತ್ತದೆ ಅಂತ ಚಾಲಕರು ಇಡುತ್ತಾರೆ. ನೀನೂ ಒಂದಿಡು ಅಂತ ಹೇಳಲಾರೆ, ಅಲ್ಲಿ ಪ್ಲಾಸ್ಟಿಕ್ ಬೇಕಾದಷ್ಟಿದೆ. ನಿಮ್ಮ ನೀರು ನೀವು ಕುಡಿಯಿರಿ.

ಹಳ್ಳಗಳನ್ನು ಬೆಳಿಗ್ಗೆಯೇ ದಾಟಿ. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ನೀರು ಏರುತ್ತದೆ. ಪಂಗ್ ಆದ ಮೇಲೆ ಬರುವ ಮೋರೆ ಬಯಲು ಸುಮಾರು ನಲವತ್ತು ಕಿಲೋಮೀಟರ್ ಚಪ್ಪಟೆಯಾಗಿ ಕಾಣುತ್ತದೆ, ಆದರೆ ಎದುರುಗಾಳಿ ಬೀಸಿದರೆ ಹತ್ತಿದ ಬೆಟ್ಟವೇ ವಾಸಿ ಅನ್ನಿಸುತ್ತದೆ. ಸರದಿ ಮೇಲೆ ಒಬ್ಬೊಬ್ಬರು ಮುಂದೆ ನಿಂತು ಗಾಳಿ ಒಡೆಯಿರಿ.

ಅಂದಹಾಗೆ, ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದ ಗುಡಾರದಲ್ಲಿ ಅನ್ನ ಅರೆಬೆಂದೇ ಸಿಗುತ್ತದೆ. ನುಂಗಲು ಆಸರೆಯಾಗಲಿ ಅಂತ ನಿಮ್ಮತ್ತೆ ಶೇಂಗಾ ಚಟ್ನಿಪುಡಿ ಮಾಡಿ ಕಟ್ಟಿದ್ದಾಳೆ. ಭಾರ ಅಂತ ಬಿಟ್ಟುಹೋಗಬೇಡ. ಯಾರ ಚೀಲಕ್ಕೆ ಅಂತ ನಾಲ್ವರೂ ಜಗಳಾಡಿ ತೀರ್ಮಾನಿಸಿಕೊಳ್ಳಿ.

ನಿನ್ನ ಮಾವ