ಹುಟ್ಟುವ ಮುಂಚೆ ಎಲ್ಲಿದ್ದೆವು?



ಬೆಟ್ಟ ಹತ್ತಿ ಬರುವವರಲ್ಲಿ ಹರಕೆ ತೀರಿಸುವವರು ಇರುತ್ತಾರೆ. ಮನೆಯಲ್ಲಿ ಸಾವಾಗಿ, ಹನ್ನೊಂದರ ತಿಥಿ ಮುಗಿದರೂ ಮನಸ್ಸಿಗೆ ಸಮಾಧಾನವಾಗದೆ ಬಂದವರೂ ಇರುತ್ತಾರೆ. "ಸತ್ತ ಮೇಲೆ ಏನಾಗ್ತೀವಿ?" ಎಂಬ ಪ್ರಶ್ನೆ ಅವರನ್ನು ಕಾಡುತ್ತಿರುತ್ತದೆ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ. ಹುಟ್ಟುವ ಮುಂಚೆ ನಾವು ಏನಾಗಿದ್ದೆವು?

1799ರ ಮಾರ್ಚ್ 27ರಂದು ಮಳವಳ್ಳಿಯ ಹತ್ತಿರ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಇಂಗ್ಲಿಷರ ಸೈನ್ಯಕ್ಕೂ ಯುದ್ಧವಾಯಿತು. ಆ ದಿನ ಈ ಸೀಮೆಯ ಜನ ಎಷ್ಟು ಹೆದರಿದ್ದರೋ! ನಮಗೆ ಮಾತ್ರ ಅಂದು ಭಯವಿಲ್ಲ, ಹಸಿವಿಲ್ಲ, ನೋವಿಲ್ಲ. "ಅಯ್ಯೋ, ಆಗ ನಾನಿರಲಿಲ್ಲವಲ್ಲಾ" ಎಂದು ಇವತ್ತು ಯಾರೂ ಅಳುವುದೂ ಇಲ್ಲ.

ರೋಮಿನ ಕವಿ ಲುಕ್ರೀಶಿಯಸ್ ಎರಡು ಸಾವಿರ ವರ್ಷಗಳ ಹಿಂದೆ ಇದೇ ಮಾತನ್ನು ಹೇಳಿದ. ಹುಟ್ಟುವ ಹಿಂದಿನ ಕಾಲ ಒಂದು ಕನ್ನಡಿ, ಸಾವಿನ ಮುಂದಿನ ಕಾಲವನ್ನು ಅದರಲ್ಲಿ ನೋಡು, ಹೆದರಿಕೆಯೇನೂ ಕಾಣದು ಎಂಬುದು ಅವನ ವಾದ. ಭಗವದ್ಗೀತೆಯ 2ನೇ ಅಧ್ಯಾಯದಲ್ಲಿ ಶ್ರೀಕೃಷ್ಣನೂ ಅರ್ಜುನನಿಗೆ ಜೀವಿಗಳ ಮೊದಲು ಕಾಣದು, ಕೊನೆ ಕಾಣದು, ನಡುವೆ ಮಾತ್ರ ಕಾಣುತ್ತದೆ, ದುಃಖವೇಕೆ ಎಂದು ತಿಳಿಹೇಳುತ್ತಾನೆ. ಇಬ್ಬರ ನಿರ್ಣಯ ಮಾತ್ರ ಬೇರೆ. ದೇಹದೊಡನೆ ಜೀವವೂ ಮುಗಿಯಿತೆಂದು ಲುಕ್ರೀಶಿಯಸ್; ಆತ್ಮಕ್ಕೆ ನಾಶವಿಲ್ಲವೆಂದು ಗೀತೆ. ನಮ್ಮ ಶರಣರು ಇದನ್ನೇ ಬಯಲು ಎಂದರು. ಬಯಲಿನಿಂದ ಬಂದದ್ದು ಬಯಲಾಗುವುದೇ ಐಕ್ಯ. ದಾರಿ ಮೂರಾದರೂ ಹೆದರಬೇಡ ಎಂಬಲ್ಲಿ ಮೂವರೂ ಒಂದೇ.

ಹಾಗಾದರೆ ಸತ್ತವರಿಗಾಗಿ ಅಳುವುದು ತಪ್ಪೇ? ಖಂಡಿತ ಅಲ್ಲ. ಇಲ್ಲೇ ಆ ಕನ್ನಡಿಯಲ್ಲಿ ಒಂದು ಕೊರತೆ ಇದೆ. ಹುಟ್ಟುವ ಮುಂಚೆ ನಮ್ಮನ್ನು ಕಳೆದುಕೊಂಡವರು ಯಾರೂ ಇರಲಿಲ್ಲ. ಹೋದ ಮೇಲೆ ಬಾಗಿಲ ಕಡೆ ನೋಡುತ್ತಾ ಕೂರುವವರು ಇರುತ್ತಾರೆ. ಭಯಕ್ಕೆ ಉತ್ತರ ಸಿಕ್ಕಿದರೂ ಅಗಲಿಕೆಗೆ ಸಿಕ್ಕುವುದಿಲ್ಲ.

ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಇದು ಚೆನ್ನಾಗಿ ಬರುತ್ತದೆ. ಮದ್ದೂರು ಸೀಮೆಯ ನಿಡಘಟ್ಟದ ಕೆಂಪಾಚಾರಿಯನ್ನು ಸ್ವಾಮಿಗಳು ಶಿಶುಮಗನಾಗಿ ಬೇಡಿದಾಗ ಹೆತ್ತವರು ಕೊಡಲು ಒಪ್ಪಲಿಲ್ಲ. ಕೊಡಲಾರದ ಆ ಕರುಳನ್ನು ಕಥೆ ಮುಚ್ಚಿಡುವುದಿಲ್ಲ. ಮುಂದೆ ಅದೇ ಮಗ ಸಿದ್ದಪ್ಪಾಜಿಯಾಗಿ ಹಲಗೂರಿನ ಪಾಂಚಾಳರ ಪರೀಕ್ಷೆಗಳನ್ನು ಗೆದ್ದು, ಚಿಕ್ಕಲ್ಲೂರಿನಲ್ಲಿ ನೆಲೆಯಾದರು. ಮಂಟೇಸ್ವಾಮಿಯವರು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಐಕ್ಯರಾದರು. ಎರಡೂ ಕಡೆ ಇಂದಿಗೂ ಜನ ಗದ್ದುಗೆಗೆ ಕೈಮುಗಿಯುತ್ತಾರೆ, ಸಾಲಾಗಿ ಕೂತು ಉಣ್ಣುತ್ತಾರೆ. ಗದ್ದುಗೆ ಎಂದರೆ ಸಾವಿನ ಗುರುತು ಮಾತ್ರವಲ್ಲ; ನಡುವೆ ಸಿಕ್ಕ ಆಯುಸ್ಸಿನಲ್ಲಿ ಏನು ಮಾಡಿ ಹೋದರು ಎಂಬುದರ ಗುರುತು.

ಶರಣರ ಗುಣ ಮರಣದಲ್ಲಿ ನೋಡು ಎಂಬ ಗಾದೆ ಎಲ್ಲರಿಗೂ ಗೊತ್ತು. ಹಿಂದಿನ ಕತ್ತಲೆ ನಮ್ಮ ಕೈಯಲ್ಲಿರಲಿಲ್ಲ, ಮುಂದಿನದೂ ಇಲ್ಲ. ನಡುವಿನ ಬೆಳಕು ಮಾತ್ರ ನಮ್ಮದು. ಆದ್ದರಿಂದ ಬೆಟ್ಟ ಇಳಿಯುವ ಮುಂಚೆ ಎರಡು ಕೆಲಸ ಮಾಡಿ. ಹೋದವರ ಹೆಸರಿನಲ್ಲಿ ಒಂದು ದೀಪ ಹಚ್ಚಿ, ಕಣ್ಣೀರು ಬಂದರೆ ಬರಲಿ ಬಿಡಿ. ಮನೆಗೆ ಹೋದ ಮೇಲೆ, ಮಾತು ಬಿಟ್ಟವರು ಯಾರಾದರೂ ಇದ್ದರೆ ಅವರನ್ನು ಕರೆದು ಮಾತಾಡಿಸಿ. ಅದಕ್ಕೆ ಹುಟ್ಟುವ ಮುಂಚೆ ಅವಕಾಶವಿರಲಿಲ್ಲ. ಹೋದ ಮೇಲೂ ಇರುವುದಿಲ್ಲ.

ಸರ್ವರಿಗೂ ಒಳ್ಳೆಯದಾಗಲಿ.