ಎಥನಾಲ್ ಬೆರೆತ ಪೆಟ್ರೋಲೂ ಸಣ್ಣ ಯಂತ್ರಗಳೂ

ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿಯ ಸುತ್ತ ಉಳಿದಿರುವ ತೋಟಗಳಲ್ಲಿಯೂ ಕಾರ್ಖಾನೆಗಳ ಆವರಣಗಳಲ್ಲಿಯೂ ಹುಲ್ಲು ಕೊಯ್ಯುವುದಕ್ಕೂ ಔಷಧ ಸಿಂಪಡಿಸುವುದಕ್ಕೂ ಸಣ್ಣ ಪೆಟ್ರೋಲ್ ಯಂತ್ರಗಳು ಬಳಕೆಯಲ್ಲಿವೆ. ಶೇಕಡ 20 ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟವು 2023ನೆಯ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಉದ್ಘಾಟಿಸಲ್ಪಟ್ಟಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಇದೇ. ಎಥನಾಲು ಕಬ್ಬು, ಕಾಕಂಬಿ, ಧಾನ್ಯಗಳಿಂದ ಆಗುವುದರಿಂದ ಬೆಳೆಗಾರನಿಗೆ ಲಾಭಕರವೇ ಸರಿ.

ಆದರೆ ಎಥನಾಲಿಗೆ ತೇವವನ್ನು ಹೀರುವ ಗುಣವುಂಟು. ಬಹುಕಾಲ ನಿಂತ ಯಂತ್ರದ ಟ್ಯಾಂಕಿಯಲ್ಲಿ ನೀರು ಹೆಚ್ಚಿದರೆ, ಎಥನಾಲು ಅದರೊಡನೆ ಕೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುವುದು. ಎಣ್ಣೆ ಬೆರಸಿ ನಡೆಸುವ ಟೂ-ಸ್ಟ್ರೋಕ್ ಯಂತ್ರಗಳಲ್ಲಿ ಎಣ್ಣೆಯು ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುವುದು. ತಳದ ದ್ರವವು ಒಳಹೋದರೆ ಜಿಡ್ಡಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುವುದು. ಹಳೆಯ ರಬ್ಬರ್ ಕೊಳವೆಗಳು ಉಬ್ಬಿ ಸೋರುವುದೂ ಉಂಟು.

ಆದುದರಿಂದ ಯಂತ್ರದ ಕೈಪಿಡಿಯಲ್ಲಿ ಎಥನಾಲಿನ ಮಿತಿಯನ್ನು ಮೊದಲು ನೋಡತಕ್ಕದ್ದು. ಅನೇಕ ಸಣ್ಣ ಯಂತ್ರಗಳಿಗೆ ಅದು ಶೇಕಡ 10 ಮಾತ್ರ. ಅಂಥವುಗಳಿಗೆ ಒಪ್ಪುವ ಕೊಳವೆ, ವಾಷರುಗಳನ್ನು ಮಾರಾಟಗಾರರಲ್ಲಿ ವಿಚಾರಿಸಬೇಕು. ಒಂದು ತಿಂಗಳಿಗೆ ಬೇಕಾದಷ್ಟು ಪೆಟ್ರೋಲನ್ನೇ ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಹಂಗಾಮು ತೀರಿದೊಡನೆ ಟ್ಯಾಂಕಿಯನ್ನು ಬರಿದುಮಾಡಿ, ಯಂತ್ರವು ತಾನಾಗಿ ನಿಲ್ಲುವವರೆಗೆ ನಡೆಸತಕ್ಕದ್ದು.

ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಆಳುಗಳಿಗೆ ತಿಳಿಯಪಡಿಸಿದರೆ, ಸಿಂಪರಣೆಯ ಹೊತ್ತಿಗೆ ಯಂತ್ರವು ನಿಂತು ಬೆಳೆ ಕೆಡುವ ನಷ್ಟವು ತಪ್ಪುವುದು.